ಜೋಡಿ ತುಂಡುಗಳ ಕಾಕ

ಮೊನ್ನೆ ಕಂಕನಾಡಿ ಮಾರುಕಟ್ಟೆಯಲ್ಲಿ ಮೀನು ಮಾರುವಾಕೆ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಪುಡಿ ಐಸಿನ ತಣ್ಣನೆಯ ವಾಸನೆ ಮೂಗಿಗೆ ಬಡಿಯಿತು. ಬಂಗುಡೆ ಆರಿಸುವುದನ್ನು ಬಿಟ್ಟು ಸುಮ್ಮನೆ ನಿಂತುಬಿಟ್ಟೆ. "ಎಂತ ಅಕ್ಕ, ಬೇಡ್ವಾ?" ಎಂದು ಆಕೆ ಕೇಳಿದ ಮೇಲೆಯೇ ಎಚ್ಚರವಾದದ್ದು. ನನಗೆ ನಮ್ಮ ಲ್ಯಾಬಿನ ಕಾಕ ನೆನಪಾಗಿದ್ದರು...

ನಾನಾಗ ಊರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಕಾಕ ಅಲ್ಲಿ ಅಟೆಂಡರ್. ಬೆಂಗ್ರೆಯವರು, ದಿನಾ ಬೆಳಿಗ್ಗೆ ಫೆರಿಯಲ್ಲಿ ಹೊಳೆ ದಾಟಿ, ಬಸ್ಸು ಹಿಡಿದು ಬರುತ್ತಿದ್ದರು. ಆಪರೇಷನ್ ಥಿಯೇಟರಿನಿಂದ ಜಠರದ ತುಂಡುಗಳನ್ನು ಐಸಿನಲ್ಲಿಟ್ಟು ತರುವುದು ಅವರ ಕೆಲಸ. ಒಬ್ಬೊಬ್ಬ ರೋಗಿಯಿಂದ ಎರಡೆರಡು: ಒಂದು ಕ್ಯಾನ್ಸರ್ ಗಡ್ಡೆಯದು, ಇನ್ನೊಂದು ಅದರಾಚೆಗಿನ ಆರೋಗ್ಯವಂತ ಭಾಗದ್ದು. ಲಿಫ್ಟನ್ನು ನಂಬದೆ ಮೆಟ್ಟಿಲಿಳಿದೇ ಬರುತ್ತಿದ್ದರು. ಅವು ಫ್ರೀಜರ್ ಸೇರುವ ತನಕ ಚಹಾ ಕೂಡ ಮುಟ್ಟುತ್ತಿರಲಿಲ್ಲ. "ಒಬ್ರು ಬಂದಿದ್ದಾರೆ" ಎನ್ನುತ್ತಿದ್ದರೇ ಹೊರತು ಸ್ಯಾಂಪಲ್ ಎಂಬ ಮಾತು ಅವರ ಬಾಯಿಂದ ಕೇಳಿದ ನೆನಪಿಲ್ಲ. ನಮ್ಮ ಐಸ್ ಯಂತ್ರ ಕೆಟ್ಟು ಕೂತ ತಿಂಗಳು, ಮೀನುಗಾರಿಕೆ ದಕ್ಕೆಯಲ್ಲಿ ತಮ್ಮ ಅಣ್ಣನ ಬೋಟಿಗೆ ತುಂಬುವ ಐಸಿನಲ್ಲೇ ಒಂದು ಪಾಲು ಹೊತ್ತು ತಂದರು. ನನ್ನ ಪಿಎಚ್‌ಡಿಗೆ ಬೂತಾಯಿ ಮೀನಿನ ವಾಸನೆ ಉಂಟು ಎಂದು ಗೆಳತಿಯರು ಈಗಲೂ ಗೇಲಿ ಮಾಡುತ್ತಾರೆ.

ನಾನು ಅಳೆಯುತ್ತಿದ್ದದ್ದು ಮದ್ಯವನ್ನು ಒಡೆಯುವ ಒಂದು ಕಿಣ್ವದ ಚುರುಕನ್ನು. ಅದು ಎಲ್ಲರ ಜಠರದಲ್ಲೂ ಇರುತ್ತದೆ, ಜೀವಮಾನದಲ್ಲಿ ಒಂದು ಹನಿ ಮುಟ್ಟದವರಲ್ಲೂ. ಗಡ್ಡೆಯೊಳಗೆ ಅದರ ಕೆಲಸ ಜೋರಾಗಿದ್ದು, ಒಡೆದಾಗ ಹುಟ್ಟುವ ವಿಷವನ್ನು ಅಷ್ಟೇ ಬೇಗ ಇಲ್ಲವಾಗಿಸಲು ಗಡ್ಡೆಗೆ ಆಗುವುದಿಲ್ಲವೇನೋ ಎಂಬುದು ನಮ್ಮ ಗುಮಾನಿ. ಅದಕ್ಕೇ ಜೋಡಿ ತುಂಡು ಬೇಕಿತ್ತು.

ಆರನೆಯ ವರ್ಷದಲ್ಲಿ ಕಾಕನ ಜಠರದಲ್ಲೇ ಗಡ್ಡೆ ಕಂಡಿತು. "ನನ್ನದೂ ತೆಗೊಳ್ಳಿ ಮಗಳೇ, ಇಷ್ಟು ಜನರದ್ದು ತಂದವ ನಾನು" ಎಂದು ಅವರೇ ಹೇಳಿದರು. ನಮ್ಮ ಪಟ್ಟಿಯಲ್ಲಿ ಕುಡಿಯುವವರೇ ಹೆಚ್ಚು. ಕಾಕನಂತೆ ಕುಡಿಯದವರ ತುಂಡು ಸಿಗುವುದು ಕಷ್ಟವಿತ್ತು. ನನಗೆ ಒಳಗೊಳಗೇ ಖುಷಿಯಾಯಿತು. ಹೇಳಿಕೊಳ್ಳಲು ನಾಚಿಕೆ, ಆದರೆ ಆದದ್ದು ನಿಜ. ಆ ದಿನ ಪೆಟ್ಟಿಗೆ ಹಿಡಿದು ಮೆಟ್ಟಿಲಿಳಿದವಳು ನಾನೇ.

ಸಮ್ಮತಿ ಪತ್ರದ ಒಂದು ಪ್ರತಿಯನ್ನು ನಿಯಮದಂತೆ ಅವರ ಆಸ್ಪತ್ರೆ ಚೀಲದಲ್ಲಿ ಇಟ್ಟಿದ್ದೆ. ಮನೆಯ ಹಿರಿಯರಾದ ಅಣ್ಣ ಅದನ್ನು ಓದಿದರು. ತಲೆಬರಹದಲ್ಲೇ 'ಮದ್ಯ' ಎಂದಿತ್ತು. ತಮ್ಮನ ಲ್ಯಾಬಿನಲ್ಲಿ ಸ್ಪಿರಿಟ್ ಬಾಟಲಿಗಳಿರುವುದು ಅವರಿಗೆ ಮೊದಲೇ ಗೊತ್ತು. ಅಲ್ಲಿ ಗುಟ್ಟಾಗಿ ಕುಡಿದೇ ಈ ಕಾಯಿಲೆ ತಂದುಕೊಂಡ ಎಂದು ಲೆಕ್ಕ ಹಾಕಿ, ತಮ್ಮನೊಡನೆ ಮಾತು ಬಿಟ್ಟರು. ಐದು ಹೊತ್ತು ನಮಾಜು ತಪ್ಪಿಸದ ಮನುಷ್ಯನಿಗೆ ಗಡ್ಡೆಯ ನೋವಿಗಿಂತ ಅದು ದೊಡ್ಡದಾಯಿತು. ಮನೆಗೆ ಹೋದ ಮೇಲೆ ಕಾಕ ನನಗೆ ಫೋನ್ ಮಾಡಿದರು. "ಒಮ್ಮೆ ಬಂದು ಹೇಳ್ತೀರಾ? ನಾನು ಹೇಳಿದ್ರೆ ಅವರು ನಂಬುವುದಿಲ್ಲ."

ಹೋದೆ. ಕಾಕ ದಿಂಬಿಗೆ ಒರಗಿದ್ದರು, ಅಂಗಿ ಯಾರದೋ ಎಂಬಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅಣ್ಣ ಎದುರಿನ ಕುರ್ಚಿಯಲ್ಲಿ. ಈ ಕಿಣ್ವ ನಿಮ್ಮ ಜಠರದಲ್ಲೂ ಉಂಟು, ನನ್ನದರಲ್ಲೂ ಉಂಟು ಎಂದು ನಿಧಾನವಾಗಿ ವಿವರಿಸಿದೆ. ಅವರು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ.

"ಇವ ಒಂದು ಸಲವೂ ಕುಡಿಯಲಿಲ್ಲ ಅಂತ ನಿಮ್ಮ ಮೆಷಿನ್ ಹೇಳ್ತದಾ?"

"ಇಲ್ಲ," ಎಂದೆ. "ಅದನ್ನು ಹೇಳ್ಲಿಕ್ಕೆ ಮೆಷಿನಿಗೆ ಆಗುವುದಿಲ್ಲ."

ವಿಜ್ಞಾನದ ಪ್ರಕಾರ ನೂರಕ್ಕೆ ನೂರು ಸರಿಯಾದ ಉತ್ತರ. ಅಣ್ಣ ತಲೆಯಾಡಿಸಿ ಎದ್ದು ಹೊರಗೆ ಹೋದರು. ನಾನು ತಡವರಿಸಿ ಏನೋ ಹೇಳಲು ಹೊರಟೆ... ಕಾಕನೇ ತಡೆದರು. "ನೀವು ಇದ್ದದ್ದು ಹೇಳಿದ್ರಿ, ಅದು ಒಳ್ಳೆದೇ. ಚಹಾ ಕುಡಿದು ಹೋಗಿ."

ಮಳೆಗಾಲ ಮುಗಿಯುವ ಮೊದಲೇ ಕಾಕ ತೀರಿಕೊಂಡರು. ಅಣ್ಣ ಕೊನೆಯ ತನಕ ಮಾತಾಡಲಿಲ್ಲವೆಂದು ಆಮೇಲೆ ತಿಳಿಯಿತು. ಕಾಕನ ಗಡ್ಡೆಯಲ್ಲೂ ಕಿಣ್ವ ಪಕ್ಕದ ಒಳ್ಳೆಯ ಭಾಗಕ್ಕಿಂತ ಚುರುಕಾಗಿಯೇ ಇತ್ತು, ಕುಡಿಯುವವರ ಗಡ್ಡೆಗಳಲ್ಲಿ ಕಂಡಂತೆಯೇ. ನನ್ನ ಪ್ರಬಂಧದ ಒಂದು ನಕ್ಷೆಯಲ್ಲಿ ಕಾಕ ಈಗ ಎರಡು ಚುಕ್ಕೆ.

ಅಣ್ಣ ಯಂತ್ರದ ಬಗ್ಗೆ ಕೇಳಿದರು, ನಾನು ಯಂತ್ರದ ಪರವಾಗಿಯೇ ಉತ್ತರಿಸಿ ಬಂದೆ. ಆರು ವರ್ಷ ಕಾಕನೊಡನೆ ಒಂದೇ ಕೋಣೆಯಲ್ಲಿದ್ದೆನಲ್ಲ, ಸ್ಪಿರಿಟ್ ಬಾಟಲಿ ಎತ್ತಿಟ್ಟ ಮೇಲೆ ಅವರು ಮೊಣಕೈ ತನಕ ಸೋಪು ಹಚ್ಚಿ ತೊಳೆಯುತ್ತಿದ್ದುದನ್ನು ಕಂಡವಳಲ್ಲವೇ ನಾನು? ಮೆಷಿನಿಗೆ ಗೊತ್ತಿಲ್ಲ, ನನಗೆ ಗೊತ್ತುಂಟು ಎಂಬ ಒಂದು ಮಾತು ಅಲ್ಲಿ ಸಾಕಿತ್ತು. ಅದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಈಗ ಆ ಅಣ್ಣನೂ ಇಲ್ಲ, ಕೇಳಬೇಕಾದವರು ಯಾರೂ ಉಳಿದಿಲ್ಲ. ಆದರೂ ಹೇಳುತ್ತಿದ್ದೇನೆ, ಕಣ್ಣಾರೆ ಕಂಡವಳಾಗಿ: ಕಾಕ ಕುಡಿದವರಲ್ಲ.