ರೇಡಿಯೇಟರಿನಲ್ಲಿ ಬೆಂದ ಗಂಜಿ

ಶಿಗ್ಗಾವಿಯಲ್ಲಿ ನಮ್ಮ ನೆರೆಮನೆಯ ಗೌಡರ ಹತ್ತಿರ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದಿತ್ತು. ಯುದ್ಧದ ಕಾಲ, ಪೆಟ್ರೋಲು ಸಿಗುವುದೇ ಕಷ್ಟ. ಹಾಗಾಗಿ ಅವರು ಅದನ್ನು ಓಡಿಸಿದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಧೋತರ ಮೇಲಕ್ಕೆ ಕಟ್ಟಿ, ಬಾನೆಟ್ಟಿಗೆ ಕಿವಿ ಹಚ್ಚಿ, "ತಡೀರಿ, ಬಿಚ್ಚಿ ನೋಡೂಣು" ಎನ್ನುತ್ತಿದ್ದರು. ಮನೆಯ ಗಡಿಯಾರಕ್ಕೂ ಅದೇ ಮಾತು, ಬಾಗಿಲ ಕೀಲಿಗೂ ಅದೇ ಮಾತು.

ನಾನು ಹಾನಗಲ್ಲಿಗೆ ಕನ್ಯಾ ನೋಡಲು ಹೊರಟ ದಿನ ತಾವೇ ಕರೆದೊಯ್ಯುವೆನೆಂದರು. ರೇಡಿಯೇಟರ್ ಸೋರುತ್ತಿತ್ತಲ್ಲ ಎಂದೆ.

"ಹೊಸಾ ಗಡಿಗಿ ಸೋರಿದ್ರ ಏನ್ ಮಾಡ್ತಾರ? ಅದರಾಗ ಗಂಜಿ ಕಾಸಿ ತೂತು ಮುಚ್ತಾರ. ಇದಕ್ಕೂ ಎರಡು ಹಿಡಿ ಜ್ವಾಳದ ಹಿಟ್ಟು ಹಾಕೇನಿ. ಹತ್ರಿ."

ಸೋರುವುದು ನಿಜವಾಗಿಯೂ ನಿಂತಿತ್ತು. ಅರ್ಧ ದಾರಿಯಲ್ಲಿ ಕಾರೂ ನಿಂತಿತು. ಗೌಡರು ಅರಿವೆ ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದರೆ, ಬುಸ್ಸೆಂದು ಗಂಜಿ ಉಕ್ಕಿ ನನ್ನ ರೇಷ್ಮೆ ರುಮಾಲಿನ ಮೇಲೆ ಸಿಡಿಯಿತು.

"ಹೊತ್ತು ಮೀರಿದ್ರ ಅಪಶಕುನ ಅಂತ ಹೆಣ್ಣಿನವ್ರು ವಾಪಸ್ ಕಳಸ್ತಾರ್ರೀ ಗೌಡ್ರ!" ಎಂದು ನಾನು ಗೋಳಾಡಿದೆ.

ಅವರು ಬೆರಳಿಗೆ ಒಂದಿಷ್ಟು ಗಂಜಿ ಹಚ್ಚಿಕೊಂಡು ಮೂಸಿ ನೋಡಿದರು. "ಛಲೋ ಬೆಂದೈತ್ರಿ," ಎಂದರು ಬೆರಗಿನಿಂದ.

ಪುಣ್ಯಕ್ಕೆ ಹಾನಗಲ್ಲಿಗೇ ಹೊರಟಿದ್ದ ಎತ್ತಿನ ಚಕ್ಕಡಿಯೊಂದು ಬಂತು. ಇಬ್ಬರೂ ಹತ್ತಿ ಕುಳಿತೆವು. ಇನ್ನು ಹೊತ್ತಿಗೆ ಮುಟ್ಟುತ್ತೇವೆ ಎಂದು ನನಗೆ ಸಮಾಧಾನವಾಗುವಷ್ಟರಲ್ಲಿ ಗಾಲಿ ಕಿರ್ರೆಂದಿತು. ಗೌಡರ ಕಿವಿ ಆ ಕಡೆ ವಾಲಿತು.

"ತಡೀರಿ..." ಎಂದರು.

ನಾನು ಅವರ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದು ಕುಳಿತೆ, ಹಾನಗಲ್ಲು ಬರುವ ತನಕ.