ತಾಟು, ಪಾತೇಲಿ, ಮಂದಿ

ಎಡಗಿವಿಯೇ ಇರಬೇಕು, ಓಲೆಯಿಲ್ಲದೆ ಖಾಲಿಯಿದ್ದದ್ದು. ಬಲಗಿವಿಯಲ್ಲಿ ಕೆಂಪು ಹರಳಿನ ಬೆಂಡೋಲೆ. ಎಡಗಿವಿ ಬೋಳು, ಚುಚ್ಚಿದ ತೂತು ಕೂಡ ಮುಚ್ಚಿ ಒಂದು ಚುಕ್ಕೆಯಷ್ಟೇ ಉಳಿದಿತ್ತು. ಅಥವಾ ಅವರು ನಮ್ಮ ಬಾಗಿಲಲ್ಲಿ ನಿಂತಾಗ ನನ್ನ ಎಡಕ್ಕೆ ಕಂಡದ್ದನ್ನೇ ನಾನು ಅವರ ಎಡ ಎಂದು ಇಟ್ಟುಕೊಂಡಿರಬಹುದು. ಅಮ್ಮ ಬಲಗಿವಿ ಎನ್ನುತ್ತಾಳೆ. ತಮ್ಮ, ಎರಡರಲ್ಲೂ ಓಲೆ ಇತ್ತು, ನಿನಗೆ ಎಲ್ಲದರಲ್ಲೂ ಒಂದು ಕಥೆ ಬೇಕು ಎನ್ನುತ್ತಾನೆ. ಮೂವರ ಮನೆಯಲ್ಲಿ ಒಬ್ಬ ಹೆಂಗಸಿನ ಎರಡು ಕಿವಿಗಳ ಬಗ್ಗೆ ಮೂರು ಅಭಿಪ್ರಾಯಗಳಿವೆ. ಇನ್ನು ಮುಂದೆ ಬರೆಯುವುದನ್ನೂ ಇದೇ ಲೆಕ್ಕದಲ್ಲಿ ಓದಿಕೊಳ್ಳಬೇಕು.

ಅವರು ಮುಂಬಯಿಯ ಮುಲುಂಡಿನಲ್ಲಿ, ರೈಲು ಹಳಿಯ ಬದಿಯ ನಮ್ಮ ಬಿಲ್ಡಿಂಗಿನಲ್ಲಿ, ಸರಿಯಾಗಿ ನಮ್ಮ ಕೆಳಗಿನ ಮನೆಯವರು. ಧಾರವಾಡದ ಕಡೆಯವರು. ಮದುವೆಯಾಗಿ ಬಂದು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದು, ಗಂಡನನ್ನು ಕಳೆದುಕೊಂಡು, ನಿವೃತ್ತರಾಗಿ, ಇಷ್ಟೆಲ್ಲ ಆದರೂ ಮಾತಿನಲ್ಲಿ ಊರಿನ ಒಂದು ಅಕ್ಷರವನ್ನೂ ಬಿಟ್ಟುಕೊಟ್ಟಿರಲಿಲ್ಲ. ಕಾಕು, ಎಂದರೆ ಚಿಕ್ಕಮ್ಮ, ಎಂದು ಕರೆಯಲು ಅವರೇ ಹೇಳಿದ್ದರು. ಹೆಡ್‌ಫೋನು ಒತ್ತುತ್ತಿದ್ದುದರಿಂದ ಒಂದು ಓಲೆ ತೆಗೆದಿಟ್ಟವರು ಮತ್ತೆ ಹಾಕಿಕೊಳ್ಳಲಿಲ್ಲವಂತೆ. ಯಾಕೆ ಎಂದರೆ, “ಈ ಕಿವಿ ಡ್ಯೂಟಿದು” ಎನ್ನುತ್ತಿದ್ದರು. ರಿಟೈರಾಗಿ ಬಹಳ ಕಾಲವಾಗಿತ್ತಲ್ಲ ಎಂದು ಯಾರೂ ನೆನಪಿಸುತ್ತಿರಲಿಲ್ಲ.

ನಾನು ಸೆಕೆಂಡ್‌ಹ್ಯಾಂಡ್ ಗಿಟಾರ್ ಆಂಪ್ಲಿಫೈಯರ್ ಒಂದನ್ನು ತಂದು ನನ್ನ ಕೋಣೆಯ ನೆಲದ ಮೇಲಿಟ್ಟೆ. ಆ ನೆಲವೇ ಕಾಕುವಿನ ಅಡುಗೆಮನೆಯ ಛಾವಣಿ ಎನ್ನುವುದು ಮೊದಲ ದಿನವೇ ತಿಳಿಯಿತು. ಕೆಳಗಿನಿಂದ ಪೊರಕೆಯ ಹಿಡಿ ಧಡ್ ಧಡ್ ಎಂದಿತು. ನಾನದನ್ನು ತಾಳವೆಂದುಕೊಂಡು ನುಡಿಸುತ್ತಲೇ ಇದ್ದೆ. ಆಮೇಲೆ ಬೆಲ್ ಆಯಿತು. ಕಾಕು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಊಟದ ಒಂದು ಸ್ಟೀಲ್ ತಾಟು. ಸಾಕ್ಷಿಗೆ ತಂದದ್ದು.

“ಒಳಗೆ ಬನ್ನಿ ಮಾರಾಯ್ರೆ, ಬಾಗಿಲಲ್ಲಿ ನಿಲ್ಲುವುದಾ?” ಎಂದಳು ಅಮ್ಮ. ನಾವು ಉಡುಪಿಯ ಕಡೆಯವರು.

“ಕುಂಡ್ರಾಕ ಬಂದಿಲ್ರೀ. ನಿಮ್ಮ ಮಗಳ ಡಬ್ಬಿ ಹಾಡಿದ್ರ ನಮ್ಮ ತಾಟು ತಾಳಾ ಹಾಕ್ತಾವ.”

ಇಬ್ಬರೂ ಕನ್ನಡದಲ್ಲಿ ಮಾತಾಡಿದರು, ಇಬ್ಬರಿಗೂ ಅರ್ಧರ್ಧ ತಿಳಿಯಿತು, ಕೊನೆಗೆ ಹಿಂದಿಯಲ್ಲಿ ರಾಜಿಯಾಗಿ ಕಾಫಿ ಕುಡಿದರು. ಆದರೆ ವಿಷಯ ಹಗುರವಾಗಿರಲಿಲ್ಲ. ಕಾಕು ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿಗೆ ಒಂದು ಮಾತು ಹೇಳಿದರೆ ಆಂಪ್ಲಿಫೈಯರ್ ಮನೆ ಬಿಡಬೇಕಿತ್ತು. ಮನೆಯಲ್ಲಿ ಅಭ್ಯಾಸ ತಪ್ಪಿದರೆ ನಾನು ಬ್ಯಾಂಡ್ ಬಿಡಬೇಕಿತ್ತು. ಬ್ಯಾಂಡಿನಲ್ಲಿ ನನ್ನ ಜಾಗ ಆಗಲೇ ಅಲುಗಾಡುತ್ತಿತ್ತು. ನಾವು ಮಾಟುಂಗದ ಒಂದು ಕನ್ನಡ ಸಂಘದ ಹಾಲಿನಲ್ಲಿ ನುಡಿಸಲು ಒಪ್ಪಿಕೊಂಡಿದ್ದೆವು. ಬಾಸ್ ಗಿಟಾರಿನವನು ಭಾಂಡುಪಿನವನು, ಬ್ಯಾಂಡಿಗೆ ಅವನೇ ಯಜಮಾನ. ಪ್ರಾಕ್ಟೀಸಿನಲ್ಲಿ ನನ್ನ ಗಿಟಾರು ಯಾರಿಗೂ ಕೇಳಿಸುತ್ತಿರಲಿಲ್ಲ. “ತೂ ಬಜಾತೀ ಹೈ, ಯಾ ಸಿರ್ಫ್ ಹಾಥ್ ಹಿಲಾತೀ ಹೈ?” ಎಂದು ಕೇಳಿದ್ದ, ನುಡಿಸುತ್ತೀಯೋ ಸುಮ್ಮನೆ ಕೈ ಆಡಿಸುತ್ತೀಯೋ ಎಂದು. ಮಾಟುಂಗದಲ್ಲೂ ಹೀಗೇ ಆದರೆ ಕೀಬೋರ್ಡಿನವನನ್ನು ತರುತ್ತೇನೆ ಎಂದೂ ಹೇಳಿದ್ದ. ತರುವವನೇ.

ನನ್ನ ಹತ್ತಿರ ಈಕ್ವಲೈಸರ್ ಇತ್ತು. ಅಂಗೈಯಗಲದ ತಗಡಿನ ಪೆಟ್ಟಿಗೆ. ಅದರಲ್ಲಿ ಮೇಲೆ ಕೆಳಗೆ ಸರಿಯುವ ಏಳು ಗುಂಡಿಗಳು. ಎಡತುದಿಯದು ದನಿಯ ಗುಡುಗನ್ನು, ಬಲತುದಿಯದು ಅದರ ಸಿಳ್ಳನ್ನು, ನಡುವಿನವು ನಡುವಿನದನ್ನು ಏರಿಸುತ್ತವೆ, ಇಳಿಸುತ್ತವೆ. ನಾನು ಎರಡು ತುದಿಗಳನ್ನೂ ಮೇಲಕ್ಕೇರಿಸಿ ನಡುವನ್ನು ತಳಕ್ಕಿಳಿಸಿದ್ದೆ. ನಗುವ ಬಾಯಿಯ ಆಕಾರ. ಕೋಣೆಯಲ್ಲಿ ಒಬ್ಬಳೇ ನುಡಿಸಿದರೆ ಅರಮನೆಯೇ ಉರುಳಿಬಿದ್ದಂತೆ ಕೇಳುತ್ತಿತ್ತು. ಬ್ಯಾಂಡಿನ ನಡುವೆ ಹೋದರೆ ಆ ಗುಡುಗನ್ನು ಬಾಸ್ ನುಂಗುತ್ತಿತ್ತು, ಸಿಳ್ಳನ್ನು ಡ್ರಮ್ಮಿನ ಜೊತೆಯ ಕಂಚಿನ ತಾಳ ನುಂಗುತ್ತಿತ್ತು, ನನಗೆ ಉಳಿಯುತ್ತಿದ್ದದ್ದು ಕೈ ಆಡಿಸುವುದು. ಇದೆಲ್ಲ ಈಗ ಗೊತ್ತು. ಆಗ, ವಾಲ್ಯೂಮ್ ಸಾಲದು ಎಂದುಕೊಂಡು ಅದನ್ನೇ ಏರಿಸುತ್ತಿದ್ದೆ, ಕೆಳಗೆ ಪೊರಕೆಯೂ ಏರುತ್ತಿತ್ತು.

ಕಾಫಿಯ ಲೋಟ ಕೆಳಗಿಟ್ಟು ಕಾಕು ನನ್ನ ಕೋಣೆಗೆ ಬಂದರು. ಪೆಟ್ಟಿಗೆಯನ್ನು ನೋಡಿದರು. ಇದರಾಗ ಯಾವುದು ನಮ್ಮ ತಾಟು ಎಂದು ಕೇಳಿದರು. ನನಗೆ ಗೊತ್ತಿಲ್ಲವೆಂದೆ.

“ಹಂಗಾರ ಹುಡುಕು. ನಾ ಬಂದ್ ಮಾಡು ಅನ್ನಾಕ ಬಂದಿಲ್ಲ ತಂಗಿ. ಯಾರು ಗದ್ಲಾ ಮಾಡ್ತಾರ ಅವರನ್ನಷ್ಟ ಹೊರಗ ಕಳಸು. ಎಲ್ಲಾರ್ನೂ ಯಾಕ ಬೈಯೋದು?”

ಹೀಗೆ ಭಾನುವಾರದ ಮಧ್ಯಾಹ್ನಗಳಲ್ಲಿ, ಕಾಕುವಿನ ರೊಟ್ಟಿಯ ಕೆಲಸ ಮುಗಿದ ಮೇಲೆ, ಟೋನ್ ಹುಡುಕುವ ಕೆಲಸ ಶುರುವಾಯಿತು. ನಾನು ಮೇಲೆ ಒಂದೇ ತಂತಿಯನ್ನು ಮೀಟುತ್ತ ಒಂದೊಂದೇ ಗುಂಡಿಯನ್ನು ಏರಿಸುವುದು. ಕಾಕು ಕೆಳಗೆ ಪಾತ್ರೆಯ ಸ್ಟ್ಯಾಂಡಿನ ಮುಂದೆ ಪೊರಕೆ ಹಿಡಿದು ನಿಲ್ಲುವುದು. ಒಂದು ಬಡಿತವೆಂದರೆ ಇಳಿಸು. ಎರಡು ಬಡಿತವೆಂದರೆ ಇರಲಿ. ಇಷ್ಟರಲ್ಲಿ ಮುಗಿಯದಿದ್ದರೆ ಕಿಟಕಿಯಿಂದ ಕೂಗು. ನನ್ನ ಕಿಟಕಿಯೂ ಅವರ ಅಡುಗೆಮನೆಯ ಕಿಟಕಿಯೂ ಒಂದೇ ಡಕ್ಟಿಗೆ, ನೀರಿನ ಪೈಪುಗಳು ಇಳಿಯುವ ಕಿರಿದಾದ ಸಂದಿಗೆ, ತೆರೆದುಕೊಂಡಿದ್ದವು. ನಮ್ಮ ಈ ವ್ಯವಹಾರವನ್ನು ಆ ಡಕ್ಟಿನ ಎಲ್ಲ ಮನೆಗಳೂ ಕೇಳಿಸಿಕೊಂಡವು. ನಾಲ್ಕನೇ ಮಹಡಿಯ ಗುಜರಾತಿ ಅಜ್ಜ ಒಮ್ಮೆ ತಾನೂ ಚಮಚದಿಂದ ಪೈಪಿಗೆ ಎರಡು ಬಾರಿಸಿ ಮತ ಚಲಾಯಿಸಿದ. ಕಾಕು ಅದನ್ನು ರದ್ದು ಮಾಡಿದರು.

ಗುಂಡಿಗಳಿಗೆ ಹೆಸರಿಟ್ಟವರೂ ಅವರೇ. ಎಡತುದಿಯದು ತಾಟು, ಯಾಕೆಂದರೆ ಅದನ್ನೇರಿಸಿದರೆ ಸಾಲಾಗಿ ನಿಂತ ತಾಟುಗಳು ನಡುಗುತ್ತವೆ. ಅದರ ಪಕ್ಕದ್ದು ಪಾತೇಲಿ, ಅಗಲ ಬಾಯಿಯ ಅಡುಗೆಯ ಪಾತ್ರೆ. ಆಮೇಲಿನದು ಡಬ್ಬಿ. ಬಲತುದಿಯದು ಚಮಚ. ನಾನು ಚೀಟಿ ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿದೆ. ಬಾಸಿನವನು ನೋಡಿ, ಇದೇನು ಮಂತ್ರವೇ ಎಂದು ಕೇಳಿದ. ಪಾತ್ರೆಗಳು ಎಂದೆ. ಕೀಬೋರ್ಡಿನವನಿಗೆ ಅವನು ಆ ದಿನವೇ ಫೋನ್ ಮಾಡಿದನೆಂದು ನನ್ನ ಗುಮಾನಿ.

ಸರಿಯಾಗಿ ನಡುವಿನ ಗುಂಡಿಯ ವಿಷಯ ಬೇರೆ. ಅದನ್ನು ಏರಿಸಿದಾಗ ಎರಡು ಬಡಿತ ಬಂತು. ಇರಲಿ ಎಂದು ಮುಂದೆ ಹೋಗುವಾಗ ಅಭ್ಯಾಸಬಲದಿಂದ ಇಳಿಸಿಬಿಟ್ಟೆ. ಪೊರಕೆ ನಿಲ್ಲಲೇ ಇಲ್ಲ. ಮತ್ತೆ ಏರಿಸಿದೆ, ನಿಂತಿತು. ಇಳಿಸಿದೆ, ಮತ್ತೆ ಬಡಿತದ ಮೇಲೆ ಬಡಿತ. ಅದು ಯಾವ ಪಾತ್ರೆ ಎಂದು ಕಿಟಕಿಯಿಂದ ಕೇಳಿದೆ.

“ಅದು ಪಾತ್ರಿ ಅಲ್ಲ. ಅದು ಮಂದಿ,” ಎಂದರು ಕೆಳಗಿನಿಂದ. “ಮಂದಿ ಮಾತಾಡೋ ಜಾಗಾ ಅದು. ಅದನ್ನ ಇಳಿಸಿ ನೀ ಯಾರ ಕೂಡ ಮಾತಾಡ್ತೀ?”

ಅದಕ್ಕೂ ಚೀಟಿ ಅಂಟಿಸಿದೆ. ಒಬ್ಬಳೇ ನುಡಿಸಿದರೆ ಆ ದನಿ ನನಗೆ ಹಿಡಿಸುತ್ತಿರಲಿಲ್ಲ. ನೆಗಡಿಯಾದವರು ಮೂಗಿನಿಂದ ಹಾಡಿದಂತಿತ್ತು. ಆದರೆ ಕಾಕುವಿನ ಕೈಯಲ್ಲಿ ಪೊರಕೆ ಇತ್ತು, ಅದಕ್ಕಿಂತ ಹೆಚ್ಚಾಗಿ ಸೆಕ್ರೆಟರಿಯ ಕಿವಿ ಇತ್ತು.

ಮಾಟುಂಗದ ಕಾರ್ಯಕ್ರಮಕ್ಕೆ ಅವರೂ ಹೊರಟರು. ತಾಟಿಲ್ಲದೆ ಅಲ್ಲಿ ನಿನಗೆ ಹೇಳುವವರು ಯಾರು ಎಂದು ವಾದಿಸಿ, ಕೈಚೀಲದಲ್ಲಿ ಒಂದು ತಾಟು ಇಟ್ಟುಕೊಂಡೇ ಬಂದರು. ಸ್ಲೋ ಲೋಕಲಿನ ಲೇಡೀಸ್ ಡಬ್ಬಿ ತುಂಬಿತ್ತು. ಮೂವರು ಕೂತ ಬೆಂಚಿನೆದುರು ನಿಂತು ಕಾಕು ಅಂಗೈಯನ್ನು ಅಡ್ಡಕ್ಕೆ ಒಂದಿಷ್ಟೇ ಆಡಿಸಿದರು. ಬಾಯಿ ತೆರೆಯಲಿಲ್ಲ. ಮೂವರೂ ಸರಿದರು, ನಾಲ್ಕನೇ ಸೀಟು ಹುಟ್ಟಿತು. ಅದರ ತುದಿಯಲ್ಲಿ ಅರ್ಧ ಕೂತು ಕುರ್ಲಾವರೆಗೆ ನಿದ್ದೆ ಮಾಡಿದರು. ನಾನು ಗಿಟಾರು, ಪೆಟ್ಟಿಗೆ, ಅವರ ಚೀಲ ಎಲ್ಲವನ್ನೂ ಹಿಡಿದು ನಿಂತಿದ್ದೆ.

ಹಾಲಿನಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಸೌಂಡ್ ನೋಡುವಾಗ ಕಾಕು ಮೊದಲ ಸಾಲಿನಲ್ಲಿ ಕೂತು ತಾಟನ್ನು ಮಡಿಲಲ್ಲಿಟ್ಟುಕೊಂಡರು. ಊಟ ಆಮೇಲೆ ಅಮ್ಮಾ ಎಂದು ಸಂಘದವರೊಬ್ಬರು ಬಂದು ನಯವಾಗಿ ಹೇಳಿ ಹೋದರು. ನಾವು ನುಡಿಸಿದೆವು. ನನ್ನ ಮಂದಿ ಏರಿತ್ತು, ತಾಟು ಇಳಿದಿತ್ತು. ಆದರೂ ಬಾಸಿನ ಗುಂಯ್ ಅನ್ನುವ ಸದ್ದು ಹಾಲನ್ನೆಲ್ಲ ತುಂಬಿ ನನ್ನ ಮೇಲೆ ಕೂತಿತ್ತು. ಬಾಸಿನವನು ನನ್ನ ಕಡೆ ನೋಡಿ ಹುಬ್ಬೇರಿಸಿದ. ಕೀಬೋರ್ಡಿನವನು ಆಗಲೇ ದಾದರ್ ದಾಟಿ ಬರುತ್ತಿರುವಂತೆ ನನಗೆ ಕಂಡಿತು.

ಆಗ ಕಾಕು ಎದ್ದು ಸ್ಟೇಜಿನ ಹತ್ತಿರ ಬಂದರು. ಅವನ ಎದುರು ನಿಂತು, ಲೋಕಲಿನಲ್ಲಿ ಆಡಿಸಿದಂತೆಯೇ ಅಂಗೈ ಆಡಿಸಿದರು.

“ಬೇಟಾ, ಥೋಡಾ ಸರಕ್. ಚೌಥೀ ಸೀಟ್ ಹೈ.”

ಸ್ವಲ್ಪ ಸರಿ, ನಾಲ್ಕನೇ ಸೀಟಿದೆ ಎಂಬ ಆ ಮಾತಿಗೆ ಮುಂಬಯಿಯಲ್ಲಿ ಇಲ್ಲ ಎನ್ನುವವನು ಇನ್ನೂ ಹುಟ್ಟಿಲ್ಲ. ಅವನ ಕೈ ತಾನಾಗಿಯೇ ತನ್ನ ಆಂಪ್ಲಿಫೈಯರಿನ ಮೇಲೆ ಹೋಗಿ, ನಡುವಿನ ಗುಂಡಿಯೊಂದನ್ನು ತುಸು ತಿರುಗಿಸಿ ಇಳಿಸಿತು. ಮತ್ತೆ ನುಡಿಸಿದೆವು. ಮೊದಲ ಸಲ ನನ್ನ ಗಿಟಾರು ನನಗೇ ಕೇಳಿಸಿತು. ಕಿಕ್ಕಿರಿದ ಡಬ್ಬಿಯಲ್ಲಿ ಯಾರೋ ಹತ್ತಿರ ಬಂದು ಮಾತಾಡಿಸಿದಂತಿತ್ತು. ಹೆಚ್ಚು ಜೋರಾಗಿರಲಿಲ್ಲ. ಅದಕ್ಕೆ ಕೂರಲು ಜಾಗ ಸಿಕ್ಕಿತ್ತು, ಅಷ್ಟೇ.

ಕಾರ್ಯಕ್ರಮ ಮುಗಿದ ಮೇಲೆ ಬಾಸಿನವನು, “ಅಗಲೇ ಹಫ್ತೇ ಟೈಮ್ ಪೇ ಆ,” ಮುಂದಿನ ವಾರ ಹೊತ್ತಿಗೆ ಸರಿಯಾಗಿ ಬಾ ಎಂದ. ಅವನು ಕೊಟ್ಟ ನೇಮಕಾತಿ ಪತ್ರ ಅದು. ಹೇಗಿತ್ತು ಎಂದು ಕಾಕುವನ್ನು ಕೇಳಿದೆ. “ತುಸು ಜೋರಾತು” ಎಂದರು. ಆಮೇಲೆ ಇಡ್ಲಿ ತಿನ್ನಲು ಹೋದೆವು. ಹೋಟೆಲಿನ ಸಾಂಬಾರಿನಲ್ಲಿ ಬೆಲ್ಲವಿದೆಯೆಂದು ಉಡುಪಿಯವರನ್ನೆಲ್ಲ, ನನ್ನನ್ನೂ ಸೇರಿಸಿ, ಬೈದರು.

ಅವರು ತೀರಿಕೊಂಡದ್ದು ಇದಾಗಿ ಕೆಲವು ವರ್ಷಗಳ ಮೇಲೆ. ಅಲ್ಲಿಯವರೆಗೂ ನಾನು ಟೋನ್ ಬದಲಿಸಿದಾಗಲೆಲ್ಲ ಪೊರಕೆ ತನ್ನ ತೀರ್ಪು ಹೇಳುತ್ತಿತ್ತು. ಆಸ್ಪತ್ರೆಗೆ ಹೋದವರು ಮರಳಲಿಲ್ಲ. ನಾವು ಕೆಳಗೆ ಹೋದಾಗ ಅವರ ಮಗಳು ಒಬ್ಬಳೇ ಬಂದವರನ್ನೆಲ್ಲ ನೋಡಿಕೊಳ್ಳುತ್ತಿದ್ದಳು. ಚಹಾ ಮಾಡಿಕೊಡಲೆಂದು ನಾನು ಅಡುಗೆಮನೆಗೆ ಹೋದೆ. ಇಷ್ಟು ವರ್ಷ ಅದರ ಮೇಲೆಯೇ ಕೂತು ನುಡಿಸಿದ್ದರೂ ಒಳಗೆ ಕಾಲಿಟ್ಟದ್ದು ಅದೇ ಮೊದಲು.

ಗೋಡೆಗೆ ಸ್ಟೀಲಿನ ಸ್ಟ್ಯಾಂಡು. ಸಾಲಾಗಿ ತಾಟುಗಳು, ಕೆಳಗೆ ಪಾತೇಲಿಗಳು, ಡಬ್ಬಿಗಳು. ನನ್ನ ಪೆಟ್ಟಿಗೆಯ ಕ್ರಮದಲ್ಲೇ. ಪ್ರತಿ ಎರಡು ತಾಟುಗಳ ನಡುವೆ ಹಳೆಯ ಇಳಕಲ್ ಸೀರೆಯ ತುಂಡನ್ನು ಮಡಚಿ ತುರುಕಿದ್ದರು. ಪಾತೇಲಿಗಳ ಕೆಳಗೂ ಬಟ್ಟೆ. ಡಬ್ಬಿಗಳ ಸಂದಿಯಲ್ಲೂ ಬಟ್ಟೆ. ನಾನು ಒಂದು ತಾಟಿಗೆ ಬೆರಳಿನಿಂದ ಹೊಡೆದೆ. ದಿಂಬಿಗೆ ಹೊಡೆದಂತಾಯಿತು.

ಇದು ಯಾವಾಗಿನಿಂದ ಹೀಗೆ ಎಂದು ಮಗಳನ್ನು ಕೇಳಿದೆ. “ಮೊದಲಿಂದನೂ ಹಂಗೇ ತಂಗಿ. ಟ್ರೇನ್ ಹೋದ್ರ ಅಲುಗ್ತಾವಂತ ಆಯಿ ಇಟ್ಟಿದ್ಲು” ಎಂದು ತನ್ನ ತಾಯಿಯ ಬಗ್ಗೆ ಹೇಳಿದಳು.

ಮೊದಲಿಂದ ಎಂದರೆ ಯಾವ ಮೊದಲು? ಅವಳು ಮದುವೆಯಾಗಿ ಹೋಗಿ ಬಹಳ ಕಾಲವಾಗಿದೆ. ಅವಳ ನೆನಪೂ ನನ್ನ ನೆನಪಿನಷ್ಟೇ ನಂಬಿಕಸ್ತ. ಬಾಗಿಲಿಗೆ ತಾಟು ಹಿಡಿದು ಬಂದ ದಿನ ಅವು ನಿಜಕ್ಕೂ ನಡುಗಿದ್ದಿರಬಹುದು, ಬಟ್ಟೆ ಆಮೇಲೆ ಬಂದಿರಬಹುದು. ಅಥವಾ ಒಂದು ತಾಟೂ ಎಂದೂ ಸದ್ದು ಮಾಡಿರಲಿಕ್ಕಿಲ್ಲ. ಹಾಗಿದ್ದರೆ ಅಷ್ಟು ಭಾನುವಾರ ಪೊರಕೆ ಹಿಡಿದು ಅವರು ಯಾರ ಪರವಾಗಿ ತೀರ್ಪು ಕೊಡುತ್ತಿದ್ದರು?

ಚೀಟಿಗಳೆಲ್ಲ ಉದುರಿವೆ. ಗುಂಡಿಗಳು ಅವರು ನಿಲ್ಲಿಸಿದಲ್ಲೇ ಇವೆ. ನಿನ್ನ ಟೋನಿನ ಗುಟ್ಟೇನು ಎಂದು ಈಗ ಕೆಲವರು ಕೇಳುತ್ತಾರೆ, ನಾನು ಪಾತ್ರೆಗಳು ಎನ್ನುತ್ತೇನೆ, ಅವರು ನಗುತ್ತಾರೆ. ಕಾಕು ಕೇಳಿಸಿಕೊಳ್ಳುತ್ತಿದ್ದದ್ದು ತಾಟುಗಳನ್ನೋ ನನ್ನನ್ನೋ ನನಗೆ ಗೊತ್ತಿಲ್ಲ. ಯಾವ ಕಿವಿಯಿಂದ ಎನ್ನುವುದೂ ಗೊತ್ತಿಲ್ಲ.