ಬೆಳಕು ನೋಡಲು ತೆಗೆದ ಫೋಟೋ

ಊರಿನವರು ಅವನನ್ನು ಹಕ್ಕಿ ಮಾವ ಎನ್ನುತ್ತಿದ್ದರು. ಇಟ್ಟುಕೊಂಡಿದ್ದು ಫೋಟೋ ಸ್ಟುಡಿಯೋ. ವರ್ಷವಿಡೀ ಜನರನ್ನು ಸ್ಟೂಲಿನ ಮೇಲೆ ಕೂರಿಸಿ, "ಗದ್ದ ಸ್ವಲ್ಪ ಕೆಳಗೆ" ಎಂದು ಗದರಿಸಿ ಗದರಿಸಿ ಸಾಕಾಗಿ, ಬೇಸಿಗೆ ಬಂದದ್ದೇ ತಡ, ಅಂಗಡಿಗೆ ಬೀಗ ಜಡಿದು ಕಡಲ ಬಂಡೆಗಳಿಗೆ ಓಡುತ್ತಿದ್ದ. ಆ ಕಡಿದಾದ ಬಂಡೆಗಳ ಸಂದಿನಲ್ಲಿ ಕಡಲಹಕ್ಕಿಗಳು ಮರಿ ಮಾಡುವ ಕಾಲ ಅದು. ಹೆಂಡತಿಯೂ ಜೊತೆಗೆ ಹೋಗುತ್ತಿದ್ದಳು. ಅವಳಿಗೆ ಹಕ್ಕಿಯ ಹುಚ್ಚೇನೂ ಇರಲಿಲ್ಲ. ಕ್ಯಾಮೆರಾ ಹಿಡಿದರೆ ಈ ಮನುಷ್ಯನಿಗೆ ಊಟದ ಜ್ಞಾನವಿರುವುದಿಲ್ಲ ಎಂಬ ಚಿಂತೆ, ಅಷ್ಟೆ.

ಕಪ್ಪು ಬಂಡೆ, ಬಿಳಿ ಹಕ್ಕಿ, ಮೇಲೆ ಸುಡುಬಿಸಿಲು. ಬೆಳಕಿನ ಅಂದಾಜು ಕೊಂಚ ತಪ್ಪಿದರೂ ಹಕ್ಕಿ ಸುಣ್ಣದ ಉಂಡೆಯಂತೆ ಬರುತ್ತಿತ್ತು. ಅದಕ್ಕೆ ಅವನದೇ ಒಂದು ಉಪಾಯ. ಹೆಂಡತಿಯ ತಲೆಗೆ ಬಿಳಿ ಟವೆಲ್ ಹೊದಿಸಿ, ಬಂಡೆಯ ಮೇಲೆ ಕೂರಿಸಿ, ಮೊದಲು ಅವಳ ಫೋಟೋ ತೆಗೆಯುವುದು. ಟವೆಲಿನ ನೂಲು ಕಂಡರೆ ಹಕ್ಕಿಯ ಗರಿಯೂ ಕಾಣುತ್ತದೆ. ಬಿಸಿಲು ಬದಲಾದಾಗಲೆಲ್ಲ "ತಲೆ ಎತ್ತೇ" ಎನ್ನುತ್ತಿದ್ದ. ಅವಳು ಎತ್ತುತ್ತಿದ್ದಳು, ಒಮ್ಮೊಮ್ಮೆ ನಾಲಿಗೆಯನ್ನೂ ಚಾಚುತ್ತಿದ್ದಳು.

ಸಂಜೆ ಲಾಡ್ಜಿನ ಮಂಚದ ಮೇಲೆ ಕೂತು ಕ್ಯಾಮೆರಾದಲ್ಲಿ ಬೇಡದ ಫೋಟೋಗಳನ್ನೆಲ್ಲ ಅಳಿಸುವ ಕೆಲಸ.

"ಇದ್ರಲ್ಲಿ ನಾನು ಚೆನ್ನಾಗಿ ಬಂದಿದೀನಿ ಅಲ್ವೇನ್ರೀ? ಇರ್ಲಿ ಬಿಡಿ."

"ಹಕ್ಕಿಗೇ ಜಾಗ ಸಾಲ್ತಿಲ್ಲ ಕಣೇ. ಇದು ಬರೀ ಬೆಳಕು ನೋಡೋಕೆ ತೆಗ್ದಿದ್ದು. ನಿಂದು ಸ್ಟುಡಿಯೋದಲ್ಲಿ ಚೆನ್ನಾಗಿ ತೆಗೆಯೋಣ."

"ಮುಂದಿನ ಜನ್ಮದಲ್ಲಿ ಹಕ್ಕಿಯಾಗಿ ಹುಟ್ತೀನಿ. ಆಗಲಾದ್ರೂ ಇಟ್ಕೊಳ್ಳಿ."

ಇಬ್ಬರೂ ನಕ್ಕರು. ಅವನು ಅಳಿಸಿದ.

ಸ್ಟುಡಿಯೋದ ಫೋಟೋ ಇವತ್ತು, ನಾಳೆ ಎನ್ನುವುದರಲ್ಲೇ ಉಳಿಯಿತು. ಮನೆಯವಳು ಎಲ್ಲಿಗೆ ಹೋಗುತ್ತಾಳೆ ಎಂಬ ಧೈರ್ಯ. ಗಂಡಂದಿರ ಧೈರ್ಯಕ್ಕೆ ಬೆಂಕಿ ಹಾಕಬೇಕು. ಒಂದು ಚಳಿಗಾಲ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ.

ಗೋಡೆಗೆ ಹಾಕಲು ಮಗಳು ಅಮ್ಮನ ಫೋಟೋ ಕೇಳಿದಳು. ಕಂಪ್ಯೂಟರ್ ತುಂಬ ಹಕ್ಕಿ. ಮದುವೆಯ ಫೋಟೋದಲ್ಲಿ ಇದ್ದದ್ದು ತಲೆ ತಗ್ಗಿಸಿ ಕೂತ ಯಾವುದೋ ಹುಡುಗಿ. ಗುರುತಿನ ಚೀಟಿಯದನ್ನು ದೊಡ್ಡದು ಮಾಡಿದರೆ ಠಾಣೆಯಲ್ಲಿ ಅಂಟಿಸಿದ ಕಳ್ಳಿಯ ಹಾಗೆ ಕಂಡಳು. ಪ್ರತಿ ಬೇಸಿಗೆಯೂ ತನ್ನ ಕೈಯಾರೆ ಅವಳನ್ನು ಅಳಿಸುತ್ತ ಬಂದೆನಲ್ಲ ಎಂದು ನೆನೆದು, ಸ್ಟುಡಿಯೋದ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಕೊನೆಗೆ ಆ ಚೀಟಿಯ ಮುಖವೇ ಗೋಡೆಗೇರಿತು.

ಬೇಸಿಗೆ ಬಂತು. ಅವನು ಅಲುಗಲಿಲ್ಲ. ಮಗಳೇ ಬಲವಂತವಾಗಿ ಹೊರಡಿಸಿ ಬಂಡೆಗಳಿಗೆ ಕರೆತಂದಳು. ಅವಳು ನೀರು ತರಲು ಕೆಳಗಿಳಿದಿದ್ದಾಗ ಮೋಡ ಸರಿದು ಬಿಸಿಲು ಚುರುಕಾಯಿತು. ಅಭ್ಯಾಸಬಲ, ಅವನು ಹಿಂದಕ್ಕೆ ತಿರುಗಿ ಹೆಂಡತಿ ಕೂರುತ್ತಿದ್ದ ಬಂಡೆಯತ್ತ ಕ್ಯಾಮೆರಾ ಹಿಡಿದ. "ತಲೆ ಎತ್ತೇ" ಎಂದ. ಒತ್ತಿಯೂಬಿಟ್ಟ.

ಸಂಜೆ ಅಳಿಸಲು ಕೂತವಳು ಮಗಳು.

"ಅಪ್ಪ, ಇದ್ರಲ್ಲಿ ಬರೀ ಬಂಡೆ ಇದೆ. ಅಳಿಸ್ಲಾ?"

"ಬೇಡ ಕಣಮ್ಮ, ಇರ್ಲಿ ಬಿಡು."

"ಜಾಗ ಸಾಲಲ್ಲಪ್ಪ."

"ಸಾಲ್ದಿದ್ರೆ ಹಕ್ಕಿ ಅಳಿಸು."